ಭುಯಾರಿ ವರ

ನೆಲದ ಮೇಲೆ ದುಡಿಯುವವರನ್ನೇ ನಮ್ಮ ಜನ ಪೂರ್ತಿ ನಂಬುವುದಿಲ್ಲ. ನಾನು ನೆಲದ ಕೆಳಗೆ ದುಡಿಯುತ್ತೇನೆ. ಊರು ನಿಪ್ಪಾಣಿ, ನೌಕರಿ ಪುಣೆ ಮೆಟ್ರೊದ ಒಂದು ಸುರಂಗ ನಿಲ್ದಾಣದಲ್ಲಿ. ಆದ್ದರಿಂದ ನನ್ನ ಮೇಲಿನ ಅನುಮಾನಗಳಿಗೆ ಬರವಿಲ್ಲ. ಮದುವೆ ಮಾತುಕತೆ ಕಾಲದವನ್ನಷ್ಟೇ ಇಲ್ಲಿ ಹೇಳುತ್ತೇನೆ.

ವಾಸನೆ

ರಾಯಬಾಗಕ್ಕೆ ಹೆಣ್ಣು ನೋಡಲು ಹೋಗಿದ್ದೆವು. ಹುಡುಗಿ ನನಗೆ ಹಿಡಿಸಿದ್ದಳು, ನಾನೂ ಆಕೆಗೆ ಹಿಡಿಸಿದಂತಿತ್ತು. ಒಪ್ಪಬೇಕಾದವರು ಆಕೆಯ ಅಪ್ಪ, ಕಬ್ಬಿನ ರೈತರು.

"ಹುಡಗಗ ಏನ ಕೆಲಸಾರಿ?"

ನನ್ನ ಸೋದರಮಾವ ಮರಾಠಿ ಶಬ್ದ ಸೇರಿಸಿದರೆ ತೂಕ ಹೆಚ್ಚುತ್ತದೆಂದು, "ಪುಣೆದಾಗ ಭುಯಾರಿ ಕೆಲಸಾರಿ" ಎಂದರು.

ಭುಯಾರಿ ಎಂದರೆ ನೆಲದಡಿಯದು. ಆದರೆ ನಮ್ಮ ಕಡೆಯವರು ಆ ಶಬ್ದ ಕೇಳಿರುವುದು ಭುಯಾರಿ ಗಟಾರ, ಅಂದರೆ ಒಳಚರಂಡಿ, ಎಂಬಲ್ಲಿ ಮಾತ್ರ. ಹುಡುಗಿಯ ಅಪ್ಪ ತಮ್ಮ ಅವಲಕ್ಕಿ ತಟ್ಟೆಯೊಂದಿಗೆ ದೂರದ ಕುರ್ಚಿಗೆ ಹೋದರು.

"ಗಟಾರ ಅಲ್ರಿ, ರೈಲು" ಎಂದೆ.

ಅವರು ಗಾಳಿಯನ್ನು ಮೂಸಿ ನೋಡಿ ಹೇಳಿದರು: "ಇವತ್ತ ಜಳಕಾ ಮಾಡಿ ಬಂದಾನ. ಗೊತ್ತಾಗಂಗಿಲ್ಲ."

ಹೊರಗಿನ ಕಾಟಾ

ಸಕ್ಕರೆ ಕಾರ್ಖಾನೆಯ ತೂಕದ ಕಾಟಾ ನಂಬದ ನಮ್ಮ ರೈತರು ಕಬ್ಬನ್ನು ಮೊದಲು ಹೊರಗಿನ ಕಾಟಾದಲ್ಲಿ ತೂಗಿಸುತ್ತಾರೆ. ವರನಿಗೂ ಅದೇ ಪದ್ಧತಿ. ಒಂದು ದಿನ ಹುಡುಗಿಯ ಅಪ್ಪ ತಮ್ಮನನ್ನು ಕರೆದುಕೊಂಡು, ನನಗೆ ಹೇಳದೆ ಪುಣೆಗೆ ಬಂದು, ನಿಲ್ದಾಣದ ಹೊರಗಿನ ಚಹಾದವನನ್ನು ವಿಚಾರಿಸಿದರು. ಅವನು ಒಳ್ಳೆಯ ಮಾತನ್ನೇ ಆಡಿದ: ದಿನಾ ಬೆಳಗ್ಗೆ ಕೆಳಗೆ ಇಳಿಯುತ್ತಾರೆ, ಸಂಜೆ ಮೇಲೆ ಬರುತ್ತಾರೆ, ಅಂಗಿಯ ಇಸ್ತ್ರಿ ಕೂಡ ಮುರಿದಿರುವುದಿಲ್ಲ.

ಅಪ್ಪ ತಮ್ಮನ ಕಡೆ ತಿರುಗಿದರು. "ನೋಡಿದೇನ್ಲೇ? ಕೆಲಸಾನ ಇಲ್ಲ ಇವಗ."

ಗಟಾರದ ಆರೋಪ ಅಲ್ಲಿಗೆ ಬಿತ್ತು. ನಿರುದ್ಯೋಗದ್ದು ಎದ್ದಿತು.

ಸಾಕ್ಷಿ

ಕೊನೆಗೆ ಇಬ್ಬರೂ ಕೆಳಗಿಳಿದು ನನ್ನ ಕೈಗೆ ಸಿಕ್ಕರು. ನಾನೇ ರೈಲು ಹತ್ತಿಸಿದೆ. ಅಪ್ಪ ಕಿಟಕಿಗೆ ಮೂಗು ಹಚ್ಚಿದರು.

"ಅಲ್ರಿ, ಹೊರಗ ಗಿಡಾ ಇಲ್ಲ, ಹೊಲಾ ಇಲ್ಲ. ಗಾಡಿ ಹೊಂಟೈತಿ ಅನ್ನಾಕ ಸಾಕ್ಷಿ ಏನ?"

"ಅಳಗಾಡಾಕತ್ತೈತಲ್ರಿ."

"ತೊಟ್ಟಿಲಾನೂ ಅಳಗಾಡತೈತಿ."

ಮುಂದಿನ ನಿಲ್ದಾಣದಲ್ಲಿ ಇಳಿಸಿ ಹೆಸರು ತೋರಿಸಿದೆ. ಅದೇ ಗೋಡೆ, ಅದೇ ಕಂಬ, ಅದೇ ಮೆಟ್ಟಿಲು. "ಬೋರ್ಡ್ ಅಷ್ಟ ಬದಲಿ ಮಾಡೀರಿ" ಎಂದರು. ಆಮೇಲೆ ತಮ್ಮನನ್ನು ಒಂದು ಕಂಬದ ಬಳಿ ನಿಲ್ಲಿಸಿದರು. "ನೀ ಇಲ್ಲೇ ನಿಂದ್ರು. ನಾವು ಮುಂದ ಹೋಗತೀವಿ. ಅಲ್ಲೂ ನೀನ ಕಂಡಿ ಅಂದ್ರ, ಗಾಡಿ ಓಡಿಲ್ಲ."

ಇಷ್ಟು ಸುಲಭದ ಪರೀಕ್ಷೆ ನನಗೆ ಶಾಲೆಯಲ್ಲೂ ಸಿಕ್ಕಿರಲಿಲ್ಲ. ಸಂತೋಷದಿಂದ ಒಪ್ಪಿದೆ.

ಮುಂದಿನ ನಿಲ್ದಾಣ ಬಂತು. ಬಾಗಿಲು ತೆರೆಯಿತು. ಗದ್ದಲದಲ್ಲಿ ನಾವು ಇಳಿಯುವಷ್ಟರಲ್ಲಿ ಕಂಬದ ಬಳಿ ತಮ್ಮ ನಿಂತಿದ್ದ! ಒಬ್ಬನೇ ಉಳಿಯಲು ಹೆದರಿ ಹಿಂದಿನ ಡಬ್ಬಿ ಹತ್ತಿದವನು, ಅಣ್ಣನ ಮಾತು ಮೀರಬಾರದೆಂದು ನಮಗಿಂತ ಮೊದಲೇ ಇಳಿದು ಕಂಬ ಹುಡುಕಿಕೊಂಡಿದ್ದ.

"ಎಲ್ಲಿ ನಿಂತಿದ್ದೆಲೇ?"

"ನೀ ಹೇಳಿದಲ್ಲೇ ಅಣ್ಣಾ."

ಹಿಂದಿನ ಡಬ್ಬಿಯ ವಿಷಯ ನಾನು ಹೇಳಿದೆ. ಯಾರೂ ಕೇಳಲಿಲ್ಲ. ಹುಡುಗಿ ಕೈತಪ್ಪಿದಳೆಂದು ತಲೆ ತಗ್ಗಿಸಿ ನಿಂತೆ. ಅಪ್ಪ ಬಹಳ ಹೊತ್ತು ಪ್ಲಾಟ್‌ಫಾರ್ಮಿನ ಗದ್ದಲ ನೋಡಿದರು. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು ಕಿವಿಯಲ್ಲಿ ಹೇಳಿದರು:

"ಡೀಸೆಲ್ ಇಲ್ಲ, ಕಂಡಕ್ಟರ್ ಇಲ್ಲ, ಗಾಡಿ ಅಂತೂ ಓಡೂದ ಇಲ್ಲ. ಆದ್ರೂ ಇಷ್ಟ ಮಂದಿ ತಿಕೀಟ ತಗಸಾಕತ್ತಾರ. ಇಂಥಾ ಕಂಪನಿ ಎಂದೂ ಮುಳಗಂಗಿಲ್ಲ. ಹುಡಗಿ ಕೊಟ್ಟೀವ್ರಿ."