ವಂದನಾರ್ಪಣೆಯಲ್ಲಿ ಬಿಟ್ಟುಹೋದ ಹೆಸರು

ಹೆದರುವುದಕ್ಕೆ ಮನುಷ್ಯನಿಗೆ ಬೇಕಾದಷ್ಟು ಸಂಗತಿಗಳಿವೆ. ಹಾವಿಗೆ ಹೆದರುವವರಿದ್ದಾರೆ, ಹಲ್ಲಿನ ಡಾಕ್ಟರಿಗೆ ಹೆದರುವವರಿದ್ದಾರೆ, ಅರಬೈಲ್ ಘಟ್ಟ ಇಳಿಯುವಾಗ ಬಸ್ಸಿನ ಕಿಟಕಿ ಪಕ್ಕ ಕೂರಲೊಲ್ಲದ ನನ್ನ ಹೆಂಡತಿ ಗಿರಿಜೆಯಂಥವರೂ ಇದ್ದಾರೆ. ನನಗೆ ಇವು ಯಾವುವೂ ಲೆಕ್ಕಕ್ಕಿಲ್ಲ. ನಾನು ಹೆದರುವುದು ವಂದನಾರ್ಪಣೆಗೆ. ಕೇಳುವುದಕ್ಕಲ್ಲ, ಮಾಡುವುದಕ್ಕೆ. ಕೇಳುವವರಿಗೇನು, ಅಷ್ಟು ಹೊತ್ತಿಗೆ ಅವರು ಕುರ್ಚಿಯ ಕೆಳಗೆ ಕಾಲಿನಿಂದ ಚಪ್ಪಲಿ ಹುಡುಕುತ್ತಿರುತ್ತಾರೆ.

ಬೆಂಗಳೂರಿನವರು ನಕ್ಕರೆ ನಗಲಿ, ನಮ್ಮ ಪಾಲಿಗೆ ಶಿರಸಿಯೇ ಮಹಾನಗರ. ಸಿದ್ದಾಪುರದವರೂ ಯಲ್ಲಾಪುರದವರೂ ಮದುವೆ ಜವಳಿಗೆ, ಕನ್ನಡಕಕ್ಕೆ, ಕಡೆಗೆ ಸುಮ್ಮನೆ ಒಂದು ಮಿಸಳ್ ತಿನ್ನುವುದಕ್ಕೂ ಇಲ್ಲಿಗೇ ಬರುವವರು. ತೊಂಬತ್ತರ ದಶಕದ ಆ ವರ್ಷಗಳಲ್ಲಂತೂ ಶನಿವಾರ ಬಂತೆಂದರೆ ಒಂದೇ ಸಂಜೆ ಒಂದು ಕಡೆ ತಾಳಮದ್ದಳೆ, ಒಂದು ಕಡೆ ಪುಸ್ತಕ ಬಿಡುಗಡೆ, ಇನ್ನೊಂದು ಕಡೆ ದಂತ ತಪಾಸಣೆ. ಇವೆಲ್ಲವನ್ನೂ ಸಾರುವ ರಿಕ್ಷಾಗಳು ಐದು ರಸ್ತೆಯ ಹತ್ತಿರ ಒಟ್ಟಿಗೇ ಸಿಕ್ಕಿಬಿದ್ದರೆ, ಈ ಮೈಕಿನ ಉದ್ಘಾಟಕರು ಆ ಮೈಕಿನ ದಂತ ತಪಾಸಣೆಗೆ ಸೇರಿಹೋಗುತ್ತಿದ್ದರು. ಮರುದಿನವೋ ಅದರ ಮರುದಿನವೋ ಪೇಪರಿನ ಜಿಲ್ಲಾ ಪುಟದಲ್ಲಿ ಸುದ್ದಿ ಬಂದ ಮೇಲೆಯೇ ನಮಗೆ ಕಾರ್ಯಕ್ರಮ ನಿಜವಾಗಿ ಆಯಿತು ಎನ್ನುವ ಸಮಾಧಾನ. ಪೇಪರಿನಲ್ಲಿ ಬರದ ಕಾರ್ಯಕ್ರಮ ಆದರೂ ಒಂದೇ, ಬಿಟ್ಟರೂ ಒಂದೇ.

ನಮ್ಮದೊಂದು ಸಂಗೀತದ ಸಂಘ. ಅದರಲ್ಲಿ ಅಧ್ಯಕ್ಷರಾಗುವಷ್ಟು ಆಸ್ತಿ ನನಗಿರಲಿಲ್ಲ, ಸ್ವಾಗತ ಭಾಷಣ ಮಾಡುವಷ್ಟು ಕಂಠವಿರಲಿಲ್ಲ, ನಿರೂಪಣೆ ಮಾಡುವಷ್ಟು ಚೆಂದವೂ ಇರಲಿಲ್ಲ. ಉಳಿದದ್ದು ವಂದನಾರ್ಪಣೆ. ಒಮ್ಮೆ ಮಾಡಿದ್ದೇ ತಪ್ಪಾಯಿತು, ಅದು ಕಾಯಂ ಆಗಿ ನನ್ನ ತಲೆಗೆ ಬಿತ್ತು. ಅಧ್ಯಕ್ಷರದ್ದು ಬೇರೆ ಒಂದು ಕಟ್ಟುನಿಟ್ಟು: ಚೀಟಿ ನೋಡಿಕೊಂಡು ವಂದಿಸಬಾರದು. “ಉಪಕಾರಸ್ಮರಣೆ ಅಂದಮೇಲೆ ಸ್ಮರಣೆಯಿಂದನೇ ಬರವು ಮಾರಾಯ, ಕಿಸೆಯಿಂದ ಅಲ್ಲ” ಎನ್ನುತ್ತಿದ್ದರು. ಇದರಿಂದ ನನಗೆ ದಕ್ಕಿದ ಕೀರ್ತಿಯಾದರೂ ಏನು? ಸುದ್ದಿಯ ಕಟ್ಟಕಡೆಯ ಸಾಲು ಯಾವಾಗಲೂ ‘ಸೀತಾರಾಮ ಹೆಗಡೆ ವಂದಿಸಿದರು’ ಎಂದಿರುತ್ತದೆ. ಪೇಪರಿನವರು ಜಾಗ ಸಾಲದಿದ್ದಾಗ ಕತ್ತರಿಸುವುದು ಕಟ್ಟಕಡೆಯ ಸಾಲನ್ನು. ಜಾಗ ಅವರಿಗೆ ಎಂದೂ ಸಾಕಾದದ್ದಿಲ್ಲ. ನಮ್ಮ ಅಧ್ಯಕ್ಷರ ಹೆಸರು ಬಂತು, ಉದ್ಘಾಟಕರದ್ದು ಬಂತು, ದೀಪಕ್ಕೆ ಎಣ್ಣೆ ಕೊಟ್ಟವರದ್ದೂ ಒಮ್ಮೆ ಬಂತು. ನನ್ನ ಹೆಸರು ಅಚ್ಚಾದದ್ದನ್ನು ಕಂಡಿದ್ದರೆ ಅದು ಮದುವೆಯ ಕರೆಯೋಲೆಯಲ್ಲಿ ಮಾತ್ರ.

ಹೆಸರು ಬರದಿದ್ದರೆ ಹೋಗಲಿ, ಹೆಸರು ಬಿಡುವುದರ ಕಷ್ಟ ಬೇರೆ. ನಮ್ಮ ಕಡೆಯ ಜನ ಬೇಸರವಾದರೆ ಜಗಳ ಆಡುವವರಲ್ಲ. ಜಗಳ ಆಡಿದ್ದರೆ ಎಷ್ಟೋ ಸುಖವಿತ್ತು. ಒಂದು ವರ್ಷ ಜಮಖಾನೆ ಕೊಟ್ಟವರ ಹೆಸರು ಬಿಟ್ಟೆ. ಅವರು ಏನೂ ಅನ್ನಲಿಲ್ಲ, ಮನೆಗೆ ಹೋದರೆ ಕಷಾಯ ಕೊಟ್ಟರು, ‘ಕಾರ್ಯಕ್ರಮ ಚೊಲೋ ಆತು’ ಎಂದರು. ಮುಂದಿನ ವರ್ಷ ಕೇಳಲು ಹೋದಾಗ ‘ಅಯ್ಯೋ, ಜಮಖಾನೆ ತೊಳೆಯಲೆ ಹಾಕಿದ್ದು’ ಎಂದರು. ಅದು ಇವತ್ತಿಗೂ ಒಣಗಿಲ್ಲ. ಅಷ್ಟು ವರ್ಷವೂ ಕುರ್ಚಿ ಸಿಗದ ಶ್ರೋತೃಗಳು ತಣ್ಣನೆಯ ಸಿಮೆಂಟಿನ ಮೇಲೆ ಕುಳಿತು ನನ್ನನ್ನು ಸ್ಮರಿಸಿದ್ದಾರೆ.

ಇಷ್ಟು ಪೀಠಿಕೆ ಯಾಕೆಂದರೆ, ಆ ಶನಿವಾರದ ಕಾರ್ಯಕ್ರಮ ಸರಸಕ್ಕನದು. ಸರಸಕ್ಕ ಎಂದರೆ ನಮ್ಮ ಕೇರಿಯ ಸಂಗೀತದ ಟೀಚರು. ಪೂರ್ಣ ಹೆಸರು ಸರಸ್ವತಿ ಭಟ್. ನನ್ನ ಮಗಳನ್ನೂ ಸೇರಿಸಿ ಪೇಟೆಯ ಅರ್ಧ ಮಕ್ಕಳಿಗೆ ಸರಳೆ ಕಲಿಸಿದವರು. ಮಕ್ಕಳನ್ನು ವೇದಿಕೆಗೆ ಹತ್ತಿಸಿ ತಾವು ಪರದೆಯ ಮರೆಯಲ್ಲಿ ನಿಂತು ತಾಳ ಹಾಕುವುದರಲ್ಲೇ ತಲೆಯ ಅರ್ಧ ಕೂದಲು ಬೆಳ್ಳಗಾಗಿತ್ತು. ತಾವೇ ವೇದಿಕೆಯ ಮೇಲೆ ಕುಳಿತು ಪೂರ್ತಿ ಕಛೇರಿ ಮಾಡುವುದು ಅದೇ ಮೊದಲು. ತಿಂಗಳಿಂದ ಅವರ ಮನೆಯಲ್ಲಿ ಮೊಸರು, ಉಪ್ಪಿನಕಾಯಿ ಬಂದ್. ಅವರ ಗಂಡ ಭಟ್ ಮಾಸ್ತರರು, ನಿವೃತ್ತ ಶಾಲಾ ಮಾಸ್ತರರು, ಹೆಂಡತಿಯ ಗಂಟಲಿಗಾಗಿ ತಾವೂ ಉಪ್ಪಿನಕಾಯಿ ಬಿಟ್ಟಿದ್ದರು. “ನೀವು ತಿನ್ನದು ಯಾಕೆ ಬಿಡವು, ಹಾಡದು ನೀವಾ?” ಎಂದು ಕೇಳಿದರೆ, “ವಾಸನೆ ಬಂದ್ರೂ ಗಂಟಲು ಕೆಡ್ತಡ” ಎಂದು ಗಂಭೀರವಾಗಿ ಹೇಳಿದರು.

ಕಛೇರಿ ಮುಗಿದ ಮೇಲೆ ವಂದಿಸಿದರೆ ಕೇಳಲು ಮೈಕಿನವರು ಬಿಟ್ಟು ಯಾರೂ ಇರುವುದಿಲ್ಲ. ಅದಕ್ಕೇ ನಮ್ಮಲ್ಲಿ ಸಭೆ ಮೊದಲು, ವಂದನಾರ್ಪಣೆ ಆಮೇಲೆ, ಹಾಡು ಕೊನೆಗೆ. ಅಂದು ನಾನು ಉಸಿರು ಬಿಗಿಹಿಡಿದು ಎದ್ದು ನಿಂತೆ. ಅಧ್ಯಕ್ಷರು, ಉದ್ಘಾಟಕರು, ಸಭಾಭವನ ಕೊಟ್ಟವರು, ಹೂವು ಕೊಟ್ಟವರು, ಆಮಂತ್ರಣ ಅಚ್ಚು ಹಾಕಿದವರು, ಮೈಕ್ ಸೆಟ್ಟಿನ ಹುಸೇನ್ ಸಾಹೇಬರು, ಮಸಾಲೆ ಅವಲಕ್ಕಿಯ ವ್ಯವಸ್ಥೆ ಮಾಡಿದ ಮಹಿಳಾ ಮಂಡಳದವರು, ಅಷ್ಟೇ ಏಕೆ, ಕರೆಂಟು ತೆಗೆಯದ ವಿದ್ಯುತ್ ಇಲಾಖೆಯವರು! ಆ ಕೊನೆಯದಕ್ಕೆ ಚಪ್ಪಾಳೆಯೂ ಬಿತ್ತು. ಇಳಿದು ಬಂದು ಎರಡನೆಯ ಸಾಲಿನಲ್ಲಿ ಕುಳಿತೆ. ತಂಬೂರಿ ಶುರುವಾಯಿತು. ಅದೇ ಗಳಿಗೆಗೆ ನನಗೆ ಹೊಳೆಯಿತು. ಯಾರದೋ ಹೆಸರು ಬಿಟ್ಟುಹೋಗಿದೆ!

ಯಾರದು ಎಂದು ಮಾತ್ರ ಗೊತ್ತಿಲ್ಲ. ಇದಕ್ಕಿಂತ ಹಿಂಸೆ ಇನ್ನೊಂದಿಲ್ಲ. ಕೈಬೆರಳು ಮಡಚಿ ಮೊದಲಿನಿಂದ ಎಣಿಸಿದೆ, ಹಿಂದಿನಿಂದ ಎಣಿಸಿದೆ. ಶಾಲು ತಂದವರು? ಹೇಳಿದ್ದೇನೆ. ಕುರ್ಚಿಯವರು? ಹೇಳಿದ್ದೇನೆ. ಸುತ್ತ ಜನ ತಲೆದೂಗುತ್ತಿದ್ದರು, ನಾನೂ ತಲೆ ಆಡಿಸುತ್ತಿದ್ದೆ. ಆದರೆ ನನ್ನದು ‘ಇಲ್ಲ, ಅವರಲ್ಲ’ ಎನ್ನುವ ಆಟ. ಪಕ್ಕದಲ್ಲಿದ್ದ ಗಿರಿಜೆ, “ಎಂತ ಚೊಲೋ ಹಾಡ್ತು ಅಲ್ದಾ” ಎಂದಾಗ, “ಹೂವಿನವನ ಹೆಸರು ಹೇಳಿದ್ನನೇ?” ಎಂದೆ. ಅವಳು ನನ್ನನ್ನು ನೋಡಿದ ನೋಟಕ್ಕೆ ಹೂವಾಗಿದ್ದರೆ ಬಾಡುತ್ತಿತ್ತು.

ಭಾನುವಾರ ಬೆಳಿಗ್ಗೆ ಎದ್ದವನೇ ಪೇಟೆ ತಿರುಗಲು ಹೊರಟೆ. ಬೇಸರವಾದವರು ಬಾಯಿಬಿಟ್ಟು ಹೇಳುವುದಿಲ್ಲವಲ್ಲ, ಮುಖ ನೋಡಿ ನಾನೇ ಪತ್ತೆ ಮಾಡಬೇಕು. ದೇವಿಕೆರೆಯ ಹತ್ತಿರ ಸಭಾಭವನದ ಮಾಲಿಕರು ಸಿಕ್ಕರು. “ಕಾರ್ಯಕ್ರಮ ಹ್ಯಾಂಗಾತು?” ಎಂದೆ. “ಅಡ್ಡಿಲ್ಲೆ” ಎಂದರು. ಬರೀ ಅಡ್ಡಿಲ್ಲೆ! ಹೋದ ಸಲ ‘ರಾಶಿ ಚೊಲೋ ಆತು’ ಎಂದಿದ್ದರು. ಹೂವಿನ ಅಂಗಡಿಯವನು ನಕ್ಕ, ಆದರೆ ಅರ್ಧ ನಕ್ಕ. ಬಾಯಲ್ಲಿ ಎಲೆ ಅಡಿಕೆ ಇತ್ತೆಂದು ಆಮೇಲೆ ತಿಳಿಯಿತು. ಚಹಾದಂಗಡಿಯಲ್ಲಿ ಮುದ್ರಣಾಲಯದವರು ನನ್ನನ್ನು ಕಂಡು ಪೇಪರು ಅಡ್ಡ ಹಿಡಿದರು. ಆಯಿತು, ಇವರೇ ಎಂದುಕೊಂಡು ಹತ್ತಿರ ಹೋದರೆ ಪಾಪ, ಅವರು ಹುಡುಕುತ್ತಿದ್ದದ್ದು ಅಡಿಕೆ ಧಾರಣೆಯನ್ನು. ಹುಸೇನ್ ಸಾಹೇಬರು ಕಂಬದಿಂದ ವಯರು ಬಿಚ್ಚುತ್ತಿದ್ದರು. ತಡೆಯಲಾರದೆ ಕೇಳಿಯೇಬಿಟ್ಟೆ: “ಸಾಹೇಬ್ರೆ, ನಿನ್ನೆ ನಿಮ್ಮ ಹೆಸರು ಹೇಳಿದ್ನಲ್ಲ?” ಅವರು ಏಣಿಯ ಮೇಲಿಂದಲೇ, “ಹೇಳಿದ್ರಿ ಹೆಗಡೇರೆ, ಎರಡು ಸಲ ಹೇಳಿದ್ರಿ. ಯಾಕೆ, ಮೈಕಿಗೆ ಏನಾದ್ರೂ ಆಯ್ತಾ?” ಎಂದು ತಾವೇ ಗಾಬರಿಯಾದರು. ಮನೆಗೆ ಬಂದಾಗ ನನಗೆ ಸಣ್ಣಗೆ ಜ್ವರ. ಗಿರಿಜೆ ಕಾಳುಮೆಣಸಿನ ಕಷಾಯ ಕೊಟ್ಟು, “ಯಾರೋ ಸತ್ತೋದ ಹಾಂಗೆ ಎಂತಕೆ ಮಾಡ್ತ್ರಿ? ಹೆಸರು ಬಿಟ್ಟುಹೋದವ್ರೇ ಬಂದು ಹೇಳ್ಲಿ” ಎಂದಳು.

ಸೋಮವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಪೇಪರ್ ಏಜೆಂಟರ ಹತ್ತಿರ ಹೋದರೆ ನನಗಿಂತ ಮುಂಚೆ ಭಟ್ ಮಾಸ್ತರರು ನಿಂತಿದ್ದರು. ಬಗಲಲ್ಲಿ ಒಂದೇ ಪೇಪರಿನ ಐದು ಪ್ರತಿ. “ಒಂದು ನಂದೊಳ್ಳಿಲಿ ಇಪ್ಪ ನಮ್ಮ ಅಕ್ಕಂಗೆ, ಒಂದು ಹೆಂಡ್ತಿ ತವರಿಗೆ ಭೈರುಂಬೆಗೆ, ಎರಡು ಸಿದ್ದಾಪುರದ ನೆಂಟರಿಗೆ, ಒಂದು ಮನೆಗೆ. ಬಿಚ್ಚಿದ್ನಿಲ್ಲೆ ಇನ್ನೂ. ಅದ್ರ ಕೈಲೇ ಬಿಚ್ಚಸವು ಹೇಳಿ” ಎಂದರು. ಅವರ ಮುಖದಲ್ಲಿ ಆ ದಿನ ಮದುವೆಯ ಕಳೆ ಇತ್ತು. ಅವರು ಅತ್ತ ಹೋದ ಮೇಲೆ ನಾನು ನನ್ನ ಪ್ರತಿ ಬಿಚ್ಚಿದೆ. ಅಧ್ಯಕ್ಷರು ಬಂದಿದ್ದರು, ಉದ್ಘಾಟಕರು ಸಂಗೀತದ ಮಹತ್ವದ ಬಗ್ಗೆ ಎರಡು ಪ್ಯಾರಾ ಮಾತಾಡಿದ್ದರು, ಹುಸೇನ್ ಸಾಹೇಬರಿದ್ದರು, ವಿದ್ಯುತ್ ಇಲಾಖೆಯೂ ಇತ್ತು. ಕೊನೆಯಲ್ಲಿ, ‘ನಂತರ ಸಂಗೀತ ಕಾರ್ಯಕ್ರಮ ನಡೆಯಿತು.’ ಅಷ್ಟೇ. ಸರಸಕ್ಕನ ಹೆಸರಿಲ್ಲ. ಮಳೆ ಬಂತು, ಬಸ್ಸು ಹೋಯಿತು ಎನ್ನುವ ಹಾಗೆ ಸಂಗೀತ ತಾನಾಗಿಯೇ ನಡೆದುಹೋಗಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಐದು ಪ್ರತಿ ಹಿಡಿದುಕೊಂಡು ಆ ಮನುಷ್ಯ ಮನೆ ಮುಟ್ಟುವ ಹೊತ್ತಾಗಿತ್ತು. ಸುದ್ದಿ ಬರೆದವನು ಈರಣ್ಣ. ಮುಂಡಗೋಡದ ಆಚೆಯಿಂದ ಬಂದು ಶಿರಸಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡು, ಜೊತೆಗೆ ಹುಬ್ಬಳ್ಳಿಯ ಪೇಪರಿಗೆ ಸುದ್ದಿ ಕಳಿಸುವವನು. ಸುದ್ದಿ ಎಂದರೆ ಆಗೆಲ್ಲ ಒಂದು ಲಕೋಟೆ; ಸಂಜೆಯ ಹುಬ್ಬಳ್ಳಿ ಬಸ್ಸಿನ ಡ್ರೈವರನ ಕೈಯಲ್ಲಿ ಕೊಟ್ಟರೆ ಮುಟ್ಟಿತು. ಅಂಗಡಿಗೆ ನುಗ್ಗಿದವನೇ ಪೇಪರು ಮೇಜಿನ ಮೇಲೆ ಬಡಿದೆ. “ಎಂತ ಮಾರಾಯಾ ಇದು? ಹಾಡಿದವರ ಹೆಸರೇ ಇಲ್ಲ! ಮದುವೆ ಸುದ್ದಿಯಲ್ಲಿ ಮದುಮಗಳನ್ನು ಬಿಡುತ್ತಾರೇನೋ?”

“ಕುಂದರ್ರಿ ಹೆಗಡೇರ, ಕುಂದರ್ರಿ” ಎಂದ ಈರಣ್ಣ, ತಣ್ಣಗೆ. “ನಾ ಹಾಡಿಗೆಲ್ಲಿ ಕುಂತಿದ್ದೆ? ಬಸ್ ತಪ್ಪತಿತ್ತು. ನಾ ಯಾವಾಗ್ಲೂ ನಿಮ್ಮ ವಂದನಾರ್ಪಣಿ ಬರಕೊಂಡು ಹೋಗಿಬಿಡ್ತೀನಿ. ಸಭಾಕ್ಕ ಯಾರ್ ಬಂದಿದ್ರು, ಯಾರ್ ಏನ್ ಮಾಡಿದ್ರು, ಎಲ್ಲಾ ಅದರಾಗ ಇರ್ತೈತಿ. ಶಿರಸಿಯೊಳಗ ನಿಮ್ಮಷ್ಟು ಕರೆಕ್ಟ್ ವಂದಸೋರು ಯಾರೂ ಇಲ್ರಿ. ನೀವು ಹೇಳಿದ ಒಂದ್ ಹೆಸರೂ ನಾ ಬಿಟ್ಟಿಲ್ಲ. ಹಾಡಿದವರ ಹೆಸರು ನೀವ ಹೇಳಿಲ್ಲ.”

ನಾನು ಕುಂತೆ. ಎರಡು ದಿನ ಊರೆಲ್ಲ ಹುಡುಕಿದ ಹೆಸರು ಅದು! ಕರೆಂಟಿನವರನ್ನು ಹೊಗಳಿದ ನಾಲಿಗೆಗೆ, ಯಾರಿಗಾಗಿ ಸಭೆಯೋ ಅವರೇ ನೆನಪಾಗಲಿಲ್ಲ. ನಾಚಿಕೆಯಿಂದ ಕಿವಿ ಸುಟ್ಟವು. ಅವರು ನನ್ನ ಬೆನ್ನ ಹಿಂದೆಯೇ ತಂಬೂರಿ ಶ್ರುತಿ ಮಾಡಿಕೊಳ್ಳುತ್ತ ಕುಳಿತಿದ್ದರು. ಒಂದೊಂದು ಹೆಸರು ಬಂದಾಗಲೂ ಮುಂದಿನದು ತಮ್ಮದೆಂದು ಕಾದಿದ್ದರೇನೋ. ಈರಣ್ಣನಿಗೆ ಕೈಮುಗಿದು, “ಹೇಗಾದರೂ ಮಾಡಿ ತಿದ್ದುಪಡಿ ಹಾಕಿಸು” ಎಂದೆ. ಅವನು ಪಾಪ ಅಲ್ಲೇ ಬರೆದ: ‘ಸಂಗೀತ ಕಾರ್ಯಕ್ರಮದ ವರದಿಯಲ್ಲಿ ಹಾಡಿದವರ ಹೆಸರು ಬಿಟ್ಟುಹೋದದ್ದಕ್ಕೆ ಸಂಘದ ಸೀತಾರಾಮ ಹೆಗಡೆ ವಿಷಾದ ವ್ಯಕ್ತಪಡಿಸಿದ್ದಾರೆ. ಅಂದು ಹಾಡಿದವರು ಶ್ರೀಮತಿ ಸರಸ್ವತಿ ಭಟ್.’ ಸಂಜೆ ಲಕೋಟೆಯನ್ನು ನಾನೇ ಡ್ರೈವರನ ಕೈಯಲ್ಲಿಟ್ಟು, ಬಸ್ಸು ಯಲ್ಲಾಪುರ ನಾಕಾದ ಕಡೆ ಮರೆಯಾಗುವವರೆಗೆ ನಿಂತು ನೋಡಿದೆ.

ಬುಧವಾರ ತಿದ್ದುಪಡಿ ಬಂತು. ‘ಹಾಡಿದವರ ಹೆಸರು ಬಿಟ್ಟುಹೋದದ್ದಕ್ಕೆ ಸಂಘದ ಸೀತಾರಾಮ ಹೆಗಡೆ ವಿಷಾದ ವ್ಯಕ್ತಪಡಿಸಿದ್ದಾರೆ.’ ಅಲ್ಲಿಗೆ ಮುಗಿದಿತ್ತು. ಕೆಳಗೆ ಒಂದು ಟೂತ್‌ಪೇಸ್ಟಿನ ಜಾಹೀರಾತು. ಕಟ್ಟಕಡೆಯ ಸಾಲಿಗೆ ಜಾಗ ಸಾಲಲಿಲ್ಲ.

ಜನ್ಮದಲ್ಲಿ ಮೊದಲ ಸಲ ನನ್ನ ಹೆಸರು ಪೇಪರಿನಲ್ಲಿ ಬಂದಿತ್ತು, ಅದೂ ದಪ್ಪ ಅಕ್ಷರದಲ್ಲಿ. ದಾರಿಯಲ್ಲಿ ಇಬ್ಬರು ಅಭಿನಂದಿಸಿದರು. ನನಗೆ ಭೂಮಿ ಬಾಯಿಬಿಟ್ಟರೆ ಸಾಕಾಗಿತ್ತು. ಇನ್ನು ಹೋಗದೆ ಉಪಾಯವಿಲ್ಲವೆಂದು ಸರಸಕ್ಕನ ಮನೆಗೆ ಹೋದೆ. ಜಗಲಿಯ ಮೇಲೆ ಆ ದಿನದ ಪೇಪರೂ ಐದು ಪ್ರತಿ ಇತ್ತು. ಮಾಸ್ತರರು ಒಳಗೆ ಹೋಗಿ ಸ್ಟೋವು ಹೊತ್ತಿಸಿದರು. ಸರಸಕ್ಕ ಬಾಗಿಲಿಗೆ ಬಂದರು. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತೆಲ್ಲ ಮರೆತು, “ಸರಸಕ್ಕ, ತಪ್ಪಾತು” ಎಂದೆ.

“ಕೂತ್ಗ ತಮಾ” ಎಂದರು. “ಬೇಜಾರಾಜಿಲ್ಲೆ ಹೇಳಿ ಸುಳ್ಳು ಹೇಳ್ತ್ನಿಲ್ಲೆ. ಆಜು. ನಮ್ಮನೆಯವ್ರು ಐದು ಪೇಪರು ತಂದು ಎದುರಿಗೆ ಕೂತಾಗ ರಾಶಿ ಬೇಜಾರಾತು. ಅದು ಹೋಗ್ಲಿ. ನೀ ಎರಡನೇ ಸಾಲಲ್ಲಿ ಕೂತಿದ್ಯಲ, ಆನು ಎಂತ ರಾಗದಿಂದ ಶುರು ಮಾಡಿದ್ದಿ ಹೇಳು ನೋಡನ.”

ಮೂರು ತಾಸು ಅವರೆದುರಿಗೇ ಕುಳಿತು ಬೆರಳು ಮಡಚಿದ್ದು ಬಿಟ್ಟರೆ ನನಗೆ ಒಂದು ಸ್ವರವೂ ನೆನಪಿರಲಿಲ್ಲ. “ಗೊತ್ತಾತು ಬಿಡು. ನಿನ್ನ ಬೆರಳೇ ಕಾಣ್ತಿತ್ತು. ನೀ ತಾಳ ಹಾಕ್ತಾ ಇದ್ದೆ ಹೇಳಿ ಆನು ತಿಳ್ಕಂಡಿದ್ದಿ, ಅದೂ ತಪ್ಪು ತಾಳ” ಎಂದು ನಕ್ಕರು. ಪೇಪರಿನಲ್ಲಿ ಹೆಸರು ಬಿಟ್ಟದ್ದಕ್ಕಿಂತ ಆ ನಗುವೇ ನನಗೆ ಹೆಚ್ಚು ನೋವು ಕೊಟ್ಟಿತು. ಆಮೇಲೆ ಅವರು ತಂಬೂರಿ ತೆಗೆದರು. “ಈಗ ಕೇಳು. ಯಾರ ಹೆಸರೂ ನೆನಪು ಮಾಡದು ಬ್ಯಾಡ” ಎಂದು ಕಣ್ಣು ಮುಚ್ಚಿದರು.

ಕೇಳಿದೆ. ಮಾಸ್ತರರು ಚಹಾ ತಂದಿಟ್ಟು ಬಾಗಿಲ ಹತ್ತಿರ ನಿಂತರು. ಚಹಾ ಆರಿತು, ಯಾರೂ ಮುಟ್ಟಲಿಲ್ಲ. ರಾಗಗಳ ಹೆಸರು ನನಗೆ ಇವತ್ತಿಗೂ ತಿಳಿಯದು, ಆದರೆ ಆ ಹೊತ್ತು ನನ್ನ ಎದೆಯಲ್ಲಿದ್ದ ಗಾಬರಿಯೆಲ್ಲ ಎಲ್ಲೋ ಇಳಿದುಹೋಯಿತು. ಶನಿವಾರ ಎಂಥದ್ದನ್ನು ಕಳೆದುಕೊಂಡೆ ಎಂದು ಆಗ ಗೊತ್ತಾಯಿತು. ಹಾಡು ನಿಂತಿತು. ಅಭ್ಯಾಸ ಎನ್ನುವುದು ಕೆಟ್ಟದ್ದು, ನಾನು ಎದ್ದು ನಿಂತುಬಿಟ್ಟಿದ್ದೆ. ಎದ್ದ ಮೇಲೆ ಏನಾದರೂ ಹೇಳಬೇಕಲ್ಲ! ಕೈಮುಗಿದು, “ಇವತ್ತು ಇಲ್ಲಿ ಹಾಡಿದ ಶ್ರೀಮತಿ ಸರಸ್ವತಿ ಭಟ್ ಅವರಿಗೆ” ಎಂದು ಶುರುಮಾಡಿ, ಅವರನ್ನು ಪೂರ್ತಿ ಹೆಸರು ಹಿಡಿದು, ಮನಸಾರೆ ವಂದಿಸಿದೆ. ಸರಸಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ತಂಬೂರಿಯನ್ನೂ ಬಿಡಲಿಲ್ಲ, ಅದಕ್ಕೂ ವಂದಿಸಿದೆ. ಬಹಳ ಹಗುರಾಗಿ ಮನೆಯ ದಾರಿ ಹಿಡಿದೆ.

ಐದು ರಸ್ತೆಯವರೆಗೆ ಬಂದಿದ್ದೆ. ಕೈಬೆರಳುಗಳು ತಾವಾಗಿಯೇ ಮತ್ತೆ ಮಡಚತೊಡಗಿದವು. ಚಹಾ ಮಾಡಿ ತಂದಿಟ್ಟು ಬಾಗಿಲಲ್ಲೇ ನಿಂತಿದ್ದ ಮಾಸ್ತರರ ಹೆಸರು ಬಿಟ್ಟುಹೋಗಿತ್ತು.