ಪಾದ್ರಿಗಳ ರೈಲಿಲ್ಲದ ಪ್ರಸಂಗ

ಹಾಳಾದ್ದು, ಹಲ್ಲುನೋವೆಂದು ಅಳುತ್ತಿದ್ದ ಮಗಳನ್ನು ಸುಮ್ಮನಾಗಿಸಲು ಪಾದ್ರಿ ಆಂಬ್ರೋಸ್ ಪೆಟಿಫರ್ ಒಂದು ರೈಲಿಂಜಿನ್ನಿನ ಕತೆ ಹೇಳಿದರು. ಕತೆ ಪುಸ್ತಕವಾಯಿತು, ಒಂದು ಪುಸ್ತಕ ಹನ್ನೊಂದಾಯಿತು. ಅಲ್ಲಿಗೆ ಅವರ ಗ್ರಹಚಾರ ಕೆಟ್ಟಿತು. ಟಿಲ್ಬಿ ಹಳ್ಳಿಯಲ್ಲಿ ಅವರನ್ನು ಪಾದ್ರಿಯೆಂದು ಲೆಕ್ಕಕ್ಕಿಟ್ಟವರೇ ಇಲ್ಲ. ಪಾಪಕ್ಷಮೆ ಎಂದು ಬಾಯಿ ತೆರೆದರೆ ಜನ ಆಕಳಿಸುತ್ತಿದ್ದರು. ಸಾವಿನ ಮನೆಗೆ ಹೋದರೂ, "ಮುಂದಿನ ಪುಸ್ತಕ ಯಾವಾಗ?" ಎನ್ನುತ್ತಿದ್ದರು.

ಇವತ್ತು ಈ ಕಾಟದಿಂದ ಬಿಡುಗಡೆಯ ದಿನ. ಪೇಟೆಯ ದೊಡ್ಡ ಚರ್ಚಿಗೆ ಪಾದ್ರಿ ಬೇಕಿತ್ತು. ಪೆಟಿಫರ್ ಅದಕ್ಕೆ ತಕ್ಕವರೇ ಎಂದು ನೋಡಲು ಪಾದ್ರಿಗಳ ಮೇಲಧಿಕಾರಿ ಆರ್ಚ್‌ಡೀಕನ್ ಬ್ರೇಸ್‌ಗರ್ಡಲ್ ಸಾಹೇಬರು ಸುಗ್ಗಿ ಹಬ್ಬದ ಆರಾಧನೆಗೆ ಖುದ್ದಾಗಿ ಬರುವವರಿದ್ದರು.

"ಇವತ್ತು ನನ್ನ ಬಾಯಲ್ಲಿ ರೈಲು ಅನ್ನೋ ಮಾತು ಬಂದ್ರೆ ಕೇಳು," ಎಂದು ಹೆಂಡತಿಗೆ ಹೇಳಿ ಪೆಟಿಫರ್ ಚರ್ಚಿಗೆ ನಡೆದರು.

ಸುಗ್ಗಿ ಹಬ್ಬಕ್ಕೆ ಊರವರು ಬೆಳೆದದ್ದನ್ನೆಲ್ಲ ತಂದು ವೇದಿಯ ಮುಂದೆ ಜೋಡಿಸುವುದು ವಾಡಿಕೆ. ಈ ಸಲ ಅಲ್ಲಿ ತೊಟ್ಟಿಲಷ್ಟು ದೊಡ್ಡ ಸೋರೆಕಾಯಿಯೊಂದು ಬೀಟ್‌ರೂಟ್ ಗಾಲಿ, ಕ್ಯಾರೆಟ್ ಕೊಳವೆ, ಹೂಕೋಸಿನ ಹೊಗೆ ಸಮೇತ ಇಂಜಿನ್ನಾಗಿ ನಿಂತಿತ್ತು.

"ಥರ್ಕೆಟಲ್! ಮೊದ್ಲು ತೆಗೀರಿ ಅದನ್ನ!"

ಚರ್ಚಿನ ವಾರ್ಡನ್ ಥರ್ಕೆಟಲ್ ಮುಖ ಬಾಡಿತು. "ಏನ್ ಪಾದ್ರಿಗಳೇ ಹಿಂಗಂತೀರಿ? ನಮ್ಮನೆಯೋಳು ನಿದ್ದೆಗೆಟ್ಟು ಕೆತ್ತಿದಾಳೆ. ದೊಡ್ಡೋರು ಬರ್ತಾರೆ, ನಮ್ಮ ಪಾದ್ರಿಗಳು ಯಾರು ಅಂತ ಗೊತ್ತಾಗ್ಲಿ ಅಂತ!"

"ಅದೇ ಗೊತ್ತಾಗ್ಬಾರ್ದು ಮಾರಾಯ!"

ಇಬ್ಬರೂ ಸೇರಿ ಎತ್ತಿದರು. ಗಾಲಿ ಕಳಚಿತು. ಬೀಟ್‌ರೂಟ್ ನಡುದಾರಿಯಲ್ಲಿ ಉರುಳುತ್ತ ಹೋಗಿ, ಆಗಷ್ಟೇ ಒಳಬಂದ ಆರ್ಚ್‌ಡೀಕನ್ನರ ಬೂಟಿಗೆ ಬಡಿದು ನಿಂತಿತು. ಅವರು ಅದನ್ನು ನೋಡಿದರು, ಪೆಟಿಫರರನ್ನು ನೋಡಿದರು, ಹೋಗಿ ಮುಂದಿನ ಸಾಲಿನಲ್ಲಿ ಕುಳಿತರು.

ಆರಾಧನೆ ಶುರುವಾಯಿತು. ಆರ್ಗನ್ ನುಡಿಸುವ ಮಿಸ್ ಕ್ಲಾಪಮ್ ಅಭಿಮಾನ ತಡೆಯಲಾರದೆ ಹಾಡಿನ ಕೊನೆಗೆ "ಕೂ" ಎಂದು ಇಂಜಿನ್ ಸಿಳ್ಳೆ ಹೊಡೆಸಿದಳು. ಮಕ್ಕಳು ಚಪ್ಪಾಳೆ ತಟ್ಟಿದರು.

ಮುಗೀತು ನನ್ನ ಕತೆ, ಎಂದುಕೊಂಡರು ಪೆಟಿಫರ್. ಆ ಸಂಕಟದಲ್ಲೇ ಪ್ರಸಂಗಕ್ಕೆಂದು ಪೀಠ ಹತ್ತಿ, ಮನುಷ್ಯನ ಒಂಟಿತನದ ಬಗ್ಗೆ ಕರುಳು ಕಿತ್ತು ಬರುವಂತೆ ಮಾತಾಡಿದರು. ರೈಲಿಲ್ಲವೆಂದು ಗೊತ್ತಾದ ಕೂಡಲೇ ಜನ ಗೊರಕೆ ಹೊಡೆದರು.

ಆರಾಧನೆ ಮುಗಿದ ಮೇಲೆ ಹಿಂದಿನ ಕೋಣೆಗೆ ಬಂದ ಆರ್ಚ್‌ಡೀಕನ್ನರ ಕಣ್ಣು ಒದ್ದೆಯಾಗಿತ್ತು.

"ನಿಜ ಹೇಳ್ತೀನಿ ಪೆಟಿಫರ್. ಪೇಟೆಯೋರು ನೀವೇ ಬೇಕು ಅಂತ ಹಟ ಹಿಡಿದಿದ್ರು. ಮಕ್ಕಳಿಗೆ ರೈಲು ಕತೆ ಹೇಳೋ ಪಾದ್ರಿ ಬೇಕಂತೆ ಅವರಿಗೆ. ಕಳಿಸಿಬಿಡೋಣ ಅಂತ್ಲೇ ಬಂದೆ."

ಪೆಟಿಫರ್ ಆಗಲೇ ಮನಸ್ಸಿನಲ್ಲಿ ಗಂಟುಮೂಟೆ ಕಟ್ಟಿದರು.

"ಆದ್ರೆ ಈ ಪ್ರಸಂಗ ಕೇಳಿದ ಮೇಲೆ? ಛೆ ಛೆ! ಇಂಥೋರನ್ನ ಆಟದ ರೈಲು ಓಡ್ಸೋಕೆ ಕಳಿಸಿದ್ರೆ ದೇವರು ಮೆಚ್ಚುತಾನಾ? ಈ ಊರಿನ ಜನ ನೋಡಿ, ಹೆಂಗೆ ಗೊರಕೆ ಹೊಡೀತಿದ್ರು! ನಿಮ್ಮಂಥೋರು ಬೇಕಾಗಿರೋದೇ ಇಲ್ಲಿಗೆ. ನಾನಿರೋ ತನಕ ನಿಮ್ಮನ್ನ ಇಲ್ಲಿಂದ ಕದಲಿಸಲ್ಲ."

ಪೆಟಿಫರ್ ಗಬಕ್ಕನೆ ಅವರ ನಿಲುವಂಗಿ ಹಿಡಿದುಕೊಂಡರು. "ಸಾಹೇಬ್ರೇ, ಒಂಚೂರು ಕೇಳಿ! ಒಂದೂರಲ್ಲಿ ಒಂದು ಇಂಜಿನ್ ಇತ್ತಂತೆ. ಅದು ಬೆಳಿಗ್ಗೆ ಎದ್ದು, ಹೊಗೆ ಬಿಟ್ಕೊಂಡು..."

"ಆಹಾ, ಎಂಥ ವಿನಯ! ನಾನು ಬರೀ ರೈಲು ಕತೆಯೋನು ಅಂತೀರಲ್ಲ!" ಎಂದು ಭುಜ ತಟ್ಟಿ, ಕಣ್ಣೊರೆಸಿಕೊಳ್ಳುತ್ತ ಆರ್ಚ್‌ಡೀಕನ್ ಕಾರು ಹತ್ತಿದರು.