ನೀರು ಕೇಳದ ಬ್ಯಾಟರಿ

ನನ್ನ ಬೈಕಿಗೆ ನಾನೇ ಏನಾದರೂ ಮಾಡಿಕೊಳ್ಳಲು ಹೊರಟರೆ ಸಾಕು, ಮುಲುಂಡಿನ ನಮ್ಮ ಬಿಲ್ಡಿಂಗಿನಲ್ಲಿ ಅದು ಎಲ್ಲರ ಕೆಲಸವಾಗುತ್ತದೆ. ಪ್ರತಿ ಸಲ. ಈ ಸಲ ಬ್ಯಾಟರಿ.

ಬೈಕಿಗೆ ಕಿಕ್ ಇಲ್ಲ, ಬಟನ್ ಮಾತ್ರ. ಹಳೆಯ ಬ್ಯಾಟರಿ ಎರಡು ದಿನ ಬೆಳಿಗ್ಗೆ ಕೈಕೊಟ್ಟಿತು. ಅಂಧೇರಿಯಲ್ಲಿ ನಾನು ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಎರಡು ಲೇಟ್ ಮಾರ್ಕ್ ಬಿದ್ದವು. ಮೂರನೆಯದು ಬಿದ್ದರೆ ನೌಕರಿ ಕಾಯಂ ಆಗುವುದು ಆರು ತಿಂಗಳು ಮುಂದಕ್ಕೆ. ಸೋಮವಾರ ಏಳರ ಶಿಫ್ಟಿಗೆ ಮೊದಲು ಹೊಸ ಲಿಥಿಯಂ ಬ್ಯಾಟರಿ ಚಾರ್ಜ್ ಆಗಬೇಕು, ಬೈಕಿನಲ್ಲಿ ಕೂರಬೇಕು. ಒಬ್ಬಳೇ ಮಾಡಿದರೆ ಒಂದು ಮಧ್ಯಾಹ್ನದ ಕೆಲಸ. ಒಬ್ಬಳೇ ಮಾಡಲು ಯಾರು ಬಿಟ್ಟರು?

ತೂಕ

ಶುಕ್ರವಾರ ಕೊರಿಯರ್ ಬಂದಾಗ ನಾನು ಲ್ಯಾಬಿನಲ್ಲಿದ್ದೆ. ಡಬ್ಬಿ ಕಾಕಾನ ಕೈಗೆ ಹೋಯಿತು. ನಾನಿರುವುದು ಅವರ ಮನೆಯಲ್ಲಿ. ಧಾರವಾಡದವರು, ಸ್ಟೇಷನ್ ಹತ್ತಿರ ಕಿರಾಣಿ ಅಂಗಡಿ. ಹಳೆಯದು, ಹೊಸದು ಎರಡನ್ನೂ ಅಂಗಡಿಗೆ ಒಯ್ದು ತೂಗಿದ್ದರು.

"ಹಳೇದು ಮೂರು ಕಿಲೋ. ಇದು ಮುಕ್ಕಾಲು. ಸವಾ ಎರಡು ಕಿಲೋ ಹೊಡದಾನ, ತಂಗಿ."

ಒಳಗೆ ಸೀಸವಿಲ್ಲ, ಅದಕ್ಕೇ ಹಗುರ, ಹಗುರವೆಂದೇ ತರಿಸಿದ್ದು ಎಂದೆ. ತೂಕ ಕಡಿಮೆ ಮಾಡಿದವರೆಲ್ಲ ಹಾಗೇ ಹೇಳುವುದು ಎಂದರು. ಅಷ್ಟರಲ್ಲೇ ಮಾರಿದವರಿಗೆ ಫೋನೂ ಹೋಗಿತ್ತು. ಸಂಜೆ ನನಗೆ ಮೆಸೇಜ್ ಬಂತು: ದೂರು ದಾಖಲಾಗಿದೆ, ಉಳಿದ ಸವಾ ಎರಡು ಕಿಲೋ ಶೀಘ್ರದಲ್ಲೇ ಕಳಿಸಲಾಗುವುದು.

ಮರಳಿನ ಬಕೆಟ್

ಕೂರಿಸುವ ಮೊದಲು ಪೂರ್ತಿ ಚಾರ್ಜ್ ಮಾಡಬೇಕು, ಲಿಥಿಯಂ ಚಾರ್ಜರಿನಿಂದಲೇ; ಅದನ್ನೂ ತರಿಸಿದ್ದೆ. ಕಾಕಾ ಅಂಗಡಿಯ ಹಳೆಯ ಚಾರ್ಜರ್ ತಂದರು. ಸತ್ತ ಬ್ಯಾಟರಿಗೆ ಝಟಕಾ ಕೊಟ್ಟು ಎಬ್ಬಿಸುವಂಥದ್ದು. ಅದನ್ನು ಹಾಕಿದರೆ ಬದುಕಿರುವ ನನ್ನ ಬ್ಯಾಟರಿ ಸಾಯುತ್ತದೆ. ಆ ಚಾರ್ಜರನ್ನು ಅಕ್ಕಿಯ ಡಬ್ಬಿಯಲ್ಲಿ ಬಚ್ಚಿಟ್ಟೆ.

ಶನಿವಾರ ಲಿಫ್ಟಿನಲ್ಲಿ ನೋಟಿಸ್: ಬಿಲ್ಡಿಂಗಿನೊಳಗೆ ಲಿಥಿಯಂ ನಿಷೇಧ. ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಎಲ್ಲೋ ಸ್ಕೂಟರ್ ಉರಿಯುವ ವಿಡಿಯೋ ನೋಡಿದ್ದರು. ನನಗೂ ಅದನ್ನು ತೋರಿಸಿದರು. ನಿಮ್ಮ ಕೈಯಲ್ಲಿರುವುದೂ ಲಿಥಿಯಮ್ಮೇ ಎಂದೆ. ಕೈ ಸ್ವಲ್ಪ ದೂರ ಚಾಚಿ ಫೋನನ್ನು ನೋಡಿದರು. ಇದು ಮೊಬೈಲ್, ಬೇರೆ ಎಂದು ಜೇಬಿಗಿಟ್ಟರು.

ಕೊನೆಗೆ ವಾಚ್‌ಮನ್ ಕ್ಯಾಬಿನ್ನಿನ ನೆಲದ ಮೇಲೆ, ಪಕ್ಕದಲ್ಲಿ ಮರಳಿನ ಬಕೆಟ್ ಇಟ್ಟು ಚಾರ್ಜ್ ಮಾಡಲು ಒಪ್ಪಿಗೆ ಸಿಕ್ಕಿತು. ವಾಚ್‌ಮನ್ ರಸ್ತೆಯ ಆಚೆ ಹೋಗಿ ನಿಂತ. ಸೆಕ್ರೆಟರಿ ಬಾಗಿಲಲ್ಲಿ ಕಾಲು ಗಂಟೆ ಸುರಕ್ಷತೆಯ ಬಗ್ಗೆ ಮಾತಾಡಿದರು. ಆಮೇಲೆ ಬಾಯಲ್ಲಿದ್ದ ಪಾನನ್ನು ಆ ಬಕೆಟ್ಟಿಗೇ ಉಗುಳಿ ಹೋದರು. ಬಗ್ಗಿ ನೋಡಿದೆ. ಮರಳು ಕಾಣಿಸಲಿಲ್ಲ, ಬರೀ ಪಾನಿನ ಕೆಂಪು.

ಮೆಕ್ಯಾನಿಕ್

ಭಾನುವಾರ ಸ್ಪ್ಯಾನರ್ ಹಿಡಿದು ಕೆಳಗೆ ಹೋದರೆ ಕಾಕಾ ಮೆಕ್ಯಾನಿಕ್ಕನನ್ನು ಕರೆಸಿದ್ದರು. ನಾನು ಕೇಳಿದ ಪ್ರಶ್ನೆಗೆಲ್ಲ ಅವನು ಕಾಕಾನಿಗೆ ಉತ್ತರ ಕೊಟ್ಟ. ಕಾಕಾ ಜೀವನದಲ್ಲಿ ಸೈಕಲ್ ಬಿಟ್ಟು ಬೇರೇನೂ ಓಡಿಸಿಲ್ಲ.

ಹೊಸ ಬ್ಯಾಟರಿ ಚಿಕ್ಕದು. ಜಾಗದಲ್ಲಿ ಅಲ್ಲಾಡದಂತೆ ಸುತ್ತ ತುಂಬಲು ಡಬ್ಬಿಯಲ್ಲೇ ಫೋಮಿನ ತುಂಡುಗಳು ಬರುತ್ತವೆ. ನಾನು ಮಲ್ಟಿಮೀಟರ್ ತರಲು ಮೇಲೆ ಹೋಗಿ ಬರುವಷ್ಟರಲ್ಲಿ ಫೋಮ್ ಮಾಯ. ಬ್ಯಾಟರಿ ತನ್ನ ಜಾಗದಲ್ಲಿ ಡಬ್ಬಿಯೊಳಗಿನ ಗೋಲಿಯಂತೆ ಅಲ್ಲಾಡುತ್ತಿತ್ತು. ಅದು ಪ್ಯಾಕಿಂಗ್, ಬೇಡದ ಮಾಲು ಎಂದು ಮೆಕ್ಯಾನಿಕ್ ಕಾಕಾನಿಗೆ ತಿಳಿಸಿದ.

"ಎಲ್ಲಿದೆ?" ಎಂದೆ.

ಅವನು ಕೂತಲ್ಲಿಂದ ಅಲುಗಲಿಲ್ಲ. ಫೋಮ್ ಅವನಡಿಯಲ್ಲೇ ಇತ್ತು. ಕಲ್ಲಿನ ಮೇಲೆ ಕೂತರೆ ಅವನಿಗೆ ಆಗುವುದಿಲ್ಲವಂತೆ.

ಎಬ್ಬಿಸಿದೆ. ಫೋಮ್ ತುಂಬಿ, ಮೊದಲು ಪ್ಲಸ್, ಆಮೇಲೆ ಮೈನಸ್ ಬಿಗಿದೆ. ಬಟನ್ ಒತ್ತಿದೊಡನೆ ಬೈಕ್ ಸ್ಟಾರ್ಟ್ ಆಯಿತು. ನೋಡಲು ನೆರೆದ ನಾಲ್ಕು ಜನರಿಗೆ ಮೆಕ್ಯಾನಿಕ್ ಹೇಳಿದ: ಹುಡುಗಿ ಪರವಾಗಿಲ್ಲ, ಹೇಳಿಕೊಟ್ಟರೆ ಕಲಿಯುತ್ತಾಳೆ.

ನೀರು

ತಿಂಗಳ ಮೊದಲ ಸೋಮವಾರ ಕಾಕಾ ಬ್ಯಾಟರಿಗಳಿಗೆ ನೀರು ಹಾಕುತ್ತಾರೆ. ಮನೆಯ ಇನ್ವರ್ಟರ್, ಅಂಗಡಿಯದು, ಸೊಸೈಟಿಯ ಜನರೇಟರಿನದು. ಸ್ನಾನ ಮಾಡಿ, ಡಿಸ್ಟಿಲ್ಡ್ ವಾಟರ್ ಹಿಡಿದು, ಒಂದನ್ನೂ ಬಿಡದೆ. ನಾನು ಇದನ್ನು ಮರೆತಿದ್ದೆ.

ಬೆಳಿಗ್ಗೆ ಆರಕ್ಕೆ ಕೆಳಗಿಳಿದೆ. ಬೈಕಿನ ಪಕ್ಕ ಕಾಕಾ ನಿಂತಿದ್ದರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಖಾಲಿ ಬಾಟಲಿ.

ಓಡಿದೆ. "ಕಾಕಾ, ಇದಕ್ಕೆ ನೀರು ಹಾಕೋ ಹಾಗಿಲ್ಲ."

"ಬ್ಯಾಟರಿಗೆ ಬಿರಡೇನ ಇಲ್ಲಲ್ಲ ತಂಗಿ, ಎಲ್ಲಿ ಹಾಕ್ಲಿ?"

"ಮತ್ತೆ ಬಾಟಲಿ ಖಾಲಿ?"

"ನೀರು ಕುಡಿಯೋ ಬಾಯಿ ಬ್ಯಾಟರಿಗಿಲ್ಲಂದ್ರ ಗಾಡಿಗೆ ಎಲ್ಲ್ಯಾರ ಇರಬೇಕಲ್ಲ. ಹುಡುಕಿದೆ, ಸಿಕ್ತು."

ಮೂರನೇ ಲೇಟ್ ಮಾರ್ಕ್ ಕಣ್ಣ ಮುಂದೆ ಬಂತು. ಪೆಟ್ರೋಲ್ ಟ್ಯಾಂಕೇ ಎಂದು ನೋಡಿದೆ; ಅದಕ್ಕೆ ಬೀಗವಿತ್ತು. ಕಾಕಾ ಬೆರಳು ತೋರಿಸಿದರು. ಇಂಜಿನ್ ತಣ್ಣಗಿಡುವ ಕೂಲಂಟಿನ ಪುಟ್ಟ ಬಾಟಲಿ. ಅದರ ತಳ ಕಂಡಿತ್ತಂತೆ. ಕೂಲಂಟ್ ಇಲ್ಲದಿದ್ದರೆ ಅದಕ್ಕೆ ಹಾಕಬಹುದಾದದ್ದು ಡಿಸ್ಟಿಲ್ಡ್ ವಾಟರೇ. ಈಗ ಸರಿಯಾಗಿ ಮೇಲಿನ ಗೆರೆಯವರೆಗೆ ಇತ್ತು. ಮೂರು ದಿನ ಎಲ್ಲವನ್ನೂ ಅಳೆದು ನೋಡಿದ ನಾನು ಅದೊಂದನ್ನು ನೋಡಿರಲಿಲ್ಲ.

ಬಟನ್ ಒತ್ತಿದೆ. ತಕ್ಷಣ ಸ್ಟಾರ್ಟ್.

"ನೋಡಿದೇನು?" ಎಂದರು ಕಾಕಾ.

ಏಳಕ್ಕೆ ಎರಡು ನಿಮಿಷ ಇರುವಾಗ ಲ್ಯಾಬ್ ಮುಟ್ಟಿದೆ. ಸಂಜೆ ಬಂದು ನೋಡಿದರೆ ಲಿಫ್ಟಿನಲ್ಲಿ ಹಳೆಯ ನೋಟಿಸ್ ಇರಲಿಲ್ಲ. ಹೊಸದಿತ್ತು: ಲಿಥಿಯಂ ಬ್ಯಾಟರಿಗೆ ಷರತ್ತಿನ ಅನುಮತಿ ಇದೆ, ತಿಂಗಳ ಮೊದಲ ಸೋಮವಾರ ಕಾಕಾ ಅವರಿಂದ ನೀರು ಹಾಕಿಸಿಕೊಳ್ಳುವುದು ಕಡ್ಡಾಯ.